ಹೋಟೆಲ್ ತಿಂಡಿ: ಬೇಡ ಎನ್ನುವ ಮುನ್ನ

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಭಾನುವಾರ ಬೆಳಿಗ್ಗೆ ಬಸವನಗುಡಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರನ್ನು ಆಟೋದಲ್ಲಿ ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ವಯಸ್ಸು ಎಪ್ಪತ್ತರ ಮೇಲೆ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಗೆಳೆಯರ ಜೊತೆ ದೋಸೆ ತಿನ್ನಲು ಹೋದವರು ಮೈಯೆಲ್ಲ ಬೆವೆತು, ಕೈ ನಡುಗಿ, ತಲೆ ಸುತ್ತಿ ಕುಸಿದಿದ್ದರು. ಪಕ್ಕದಲ್ಲಿದ್ದವರು ಯಾರೋ ಸಕ್ಕರೆ ನೀರು ಕುಡಿಸಿದ್ದರಿಂದ ಚೇತರಿಸಿಕೊಂಡಿದ್ದರು. "ಎಷ್ಟು ಸಲ ಹೇಳಿದೀವಿ ಡಾಕ್ಟ್ರೇ, ಹೋಟೆಲ್ ತಿಂಡಿ ಬೇಡ ಮಾವಾ ಅಂತ. ಕೇಳೋದೇ ಇಲ್ಲ. ನೀವೇ ಒಂದು ಮಾತು ಹೇಳಿ" ಎಂದು ಸೊಸೆ ಕಣ್ಣು ತುಂಬಿಕೊಂಡರು. ನಾನೂ ಗಂಭೀರವಾಗಿ "ಇನ್ನು ಮೇಲೆ ಹೊರಗಿನ ತಿಂಡಿ ಪೂರ್ತಿ ನಿಲ್ಲಿಸಿ ಮೇಷ್ಟ್ರೇ" ಎಂದುಬಿಟ್ಟೆ.

ಮೂರು ತಿಂಗಳಾದ ಮೇಲೆ ಅವರು ಮತ್ತೆ ಬಂದರು. ಮುಖದಲ್ಲಿ ಕಳೆಯಿರಲಿಲ್ಲ. ಬೆಳಗಿನ ನಡಿಗೆ ನಿಂತಿತ್ತು, ನಿದ್ದೆ ಸರಿಯಿರಲಿಲ್ಲ, ಸಕ್ಕರೆ ಅಂಶ ಮೊದಲಿಗಿಂತ ಹೆಚ್ಚೇ ಇತ್ತು. ಗೆಳೆಯರೆಲ್ಲ ಸೇರುತ್ತಿದ್ದುದೇ ಹೋಟೆಲಿನಲ್ಲಿ. ಅದು ತಪ್ಪಿದ ಮೇಲೆ ಮನೆಯಿಂದ ಹೊರಡಲು ಕಾರಣವೇ ಇರಲಿಲ್ಲ. ಆಗ ನಾನು ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ: "ಅವತ್ತು ಏನು ತಿಂದಿದ್ರಿ?" ಅವರು ನಕ್ಕರು. "ಏನೂ ಇಲ್ಲ ಡಾಕ್ಟ್ರೇ. ಏಳು ಗಂಟೆಗೆ ಮನೇಲಿ ಮಾತ್ರೆ ನುಂಗಿ ಹೊರಟೆ. ಭಾನುವಾರದ ರಷ್ಷು, ಒಂದು ಗಂಟೆ ಬಾಗಿಲಲ್ಲಿ ನಿಂತ್ವಿ. ನಾನು ಬಿದ್ದಾಗ ನಮ್ಮ ದೋಸೆ ಇನ್ನೂ ಕಾವಲಿ ಮೇಲೇ ಇತ್ತು."

ಓದುಗರು ಗಮನಿಸಬೇಕು. ಅವರನ್ನು ಬೀಳಿಸಿದ್ದು ದೋಸೆಯಲ್ಲ, ದೋಸೆ ಬರುವುದು ತಡವಾದದ್ದು. ಖಾಲಿ ಹೊಟ್ಟೆಯಲ್ಲಿ ಮಾತ್ರೆ ತನ್ನ ಕೆಲಸ ಮಾಡಿತ್ತು, ರಕ್ತದ ಸಕ್ಕರೆ ಕುಸಿದಿತ್ತು. ವಿಚಾರಿಸದೆ ತೀರ್ಪು ಕೊಟ್ಟದ್ದು ನನ್ನ ತಪ್ಪು. ಅಂದಿನಿಂದ "ಹೊರಗೆ ತಿನ್ನಬೇಡಿ" ಎಂಬ ಒಂದೇ ಮಾತಿನ ಸಲಹೆಯನ್ನು ನಾನು ಬಿಟ್ಟಿದ್ದೇನೆ. ಎಲ್ಲಿ, ಯಾವಾಗ, ಏನನ್ನು, ಎಷ್ಟು ತಿನ್ನಬೇಕು ಎಂದು ಹೇಳುವುದೇ ಹೆಚ್ಚು ಉಪಯುಕ್ತ. ಈ ವಾರ ನಮ್ಮ ಬೆಂಗಳೂರಿನ ಒಂದೊಂದು ಬಡಾವಣೆಯನ್ನೂ ವೈದ್ಯನ ಕಣ್ಣಿನಿಂದ ಸುತ್ತಿ ಬರೋಣ.

ಮೊದಲು ಮೂರು ಮಾತು: ಬಿಸಿ, ನೀರು, ಕೈ

ಆಹಾರದಲ್ಲಿನ ರೋಗಾಣುಗಳು ಚೆನ್ನಾಗಿ ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನಡುವೆ. ಅನುಕೂಲ ವಾತಾವರಣದಲ್ಲಿ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಲೆಕ್ಕ ಹಾಕಿ ನೋಡಿ: ಬೆಳಿಗ್ಗೆ ಎಂಟಕ್ಕೆ ಒಂದಿದ್ದದ್ದು ಮಧ್ಯಾಹ್ನ ಎರಡರ ಹೊತ್ತಿಗೆ ಎರಡೂವರೆ ಲಕ್ಷ ದಾಟುತ್ತದೆ. ಆದ್ದರಿಂದ ನಿಮ್ಮ ಕಣ್ಣೆದುರಿಗೇ ಹಬೆಯಿಂದ, ಕಾವಲಿಯಿಂದ, ಬಾಣಲೆಯಿಂದ ಇಳಿದು ನೇರವಾಗಿ ತಟ್ಟೆಗೆ ಬರುವ ತಿಂಡಿ ಸಾಮಾನ್ಯವಾಗಿ ಸುರಕ್ಷಿತ. ಅದೇ ತಿಂಡಿ ಮಾಡಿಟ್ಟು ಆರಿ ಹೋಗಿದ್ದರೆ ಎಷ್ಟೇ ದೊಡ್ಡ ಹೋಟೆಲಾದರೂ ಅನುಮಾನಿಸಬೇಕು.

ಎರಡನೆಯದು ನೀರು. ಕುಡಿಯುವ ನೀರಷ್ಟೇ ಅಲ್ಲ. ಚಟ್ನಿ ರುಬ್ಬಿದ ನೀರು, ಪಾನಿಪುರಿಯ ಪಾನಿ, ಹಣ್ಣಿನ ರಸಕ್ಕೆ ಹಾಕಿದ ಮಂಜುಗಡ್ಡೆ, ತಟ್ಟೆ ತೊಳೆದ ನೀರು ಎಲ್ಲವೂ ಸೇರುತ್ತವೆ. ವಿಷಮಶೀತ ಜ್ವರ, ಕಾಲರಾ, ಎ ಮತ್ತು ಇ ಬಗೆಯ ಕಾಮಾಲೆ ಇವೆಲ್ಲ ಬರುವುದು ಈ ದಾರಿಯಿಂದಲೇ. ಮೂರನೆಯದು ಕೈ: ಬಡಿಸುವವರದ್ದು ಮತ್ತು ನಿಮ್ಮದು. ಹಣ ಎಣಿಸಿದ ಕೈಯಲ್ಲೇ ತಿಂಡಿ ಎತ್ತಿಕೊಡುವ ಕಡೆ ತಿನ್ನದಿರುವುದು ಲೇಸು. ನೀವೂ ತಿನ್ನುವ ಮುನ್ನ ಸೋಪು ಹಚ್ಚಿ ಕೈ ತೊಳೆಯಿರಿ.

ಗಾಂಧಿಬಜಾರು, ಶಂಕರಪುರ

ಗಾಂಧಿಬಜಾರಿನ ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದ್ದು. ಇಂಥ ಕಡೆ ಇರುವ ಒಂದು ದೊಡ್ಡ ಅನುಕೂಲವನ್ನು ಜನ ಗಮನಿಸುವುದಿಲ್ಲ: ತಿಂಡಿಗಳ ಪಟ್ಟಿ ಚಿಕ್ಕದು, ಗಿರಾಕಿಗಳು ಹೆಚ್ಚು. ಮಾಡಿದ್ದು ಮಾಡಿದ ಹಾಗೆ ಖರ್ಚಾಗುತ್ತದೆ, ಹಳಸಲು ಹೊತ್ತೇ ಸಿಗುವುದಿಲ್ಲ. ನೂರೆಂಟು ಬಗೆಯ ಪಟ್ಟಿಯಿಟ್ಟುಕೊಂಡು ಖಾಲಿ ಕೂತಿರುವ ಹೋಟೆಲಿಗಿಂತ ನಾಲ್ಕೇ ತಿಂಡಿ ಮಾಡಿ ಜನ ಮುತ್ತುವ ಹೋಟೆಲು ಹೊಟ್ಟೆಗೆ ಒಳ್ಳೆಯದು.

ಇಡ್ಲಿ ಹಬೆಯಲ್ಲಿ ಬೆಂದದ್ದು, ಎಣ್ಣೆಯಿಲ್ಲದ್ದು. ಜ್ವರದಿಂದ ಎದ್ದವರಿಗೂ ಒಗ್ಗುತ್ತದೆ. ಆದರೆ ಅದರ ಪಕ್ಕದಲ್ಲಿರುವ ಕಾಯಿ ಚಟ್ನಿ ಬೇಯಿಸಿದ ಪದಾರ್ಥವಲ್ಲ ಎಂಬುದನ್ನು ಮರೆಯಬಾರದು. ಜನ ತುಂಬಿದ ಹೊತ್ತಿನಲ್ಲಿ ಚಟ್ನಿ ಗಳಿಗೆಗೊಮ್ಮೆ ಹೊಸದಾಗಿ ಬರುತ್ತದೆ. ಹನ್ನೊಂದರ ನಂತರ ಉಳಿದ ಚಟ್ನಿಯನ್ನು ಮೊದಲು ಮೂಸಿ ನೋಡಿ. ಹುಳಿ ವಾಸನೆ ಬಂದರೆ ಬಿಟ್ಟುಬಿಡಿ. ಕುದಿಯುವ ಸಾಂಬಾರು ಆ ಹೊತ್ತಿಗೆ ಹೆಚ್ಚು ಸುರಕ್ಷಿತ.

ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವ ಅಭ್ಯಾಸ ಕೆಲವು ಕಡೆ ಇದ್ದದ್ದು 2025ರ ಫೆಬ್ರುವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆಯ ತಪಾಸಣೆಯಲ್ಲಿ ಬಯಲಿಗೆ ಬಂತು. ಬಿಸಿ ಹಬೆಗೆ ಪ್ಲಾಸ್ಟಿಕ್ಕಿನ ರಾಸಾಯನಿಕಗಳು ಆಹಾರಕ್ಕೆ ಇಳಿಯಬಹುದು. ಸಂಕೋಚಪಡದೆ "ಬಟ್ಟೆ ಹಾಕ್ತೀರಾ, ಪ್ಲಾಸ್ಟಿಕ್ಕಾ?" ಎಂದು ಕೇಳಿ. ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಳ್ಳುವುದೂ ಇದೇ ಬಗೆಯ ತಪ್ಪು. ಮನೆಯಿಂದ ಸ್ಟೀಲ್ ಡಬ್ಬಿ ಒಯ್ಯಿರಿ.

ಮಾವಳ್ಳಿ, ಲಾಲ್‌ಬಾಗ್

1924ರಲ್ಲಿ ಹುಟ್ಟಿ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾದ ಎಂಟಿಆರ್‌ನ ಕತೆಯಲ್ಲಿ ವೈದ್ಯರಿಗೆ ಪ್ರಿಯವಾದ ಒಂದು ಭಾಗವಿದೆ. ಅದನ್ನು ನಡೆಸುತ್ತಿದ್ದ ಯಜ್ಞನಾರಾಯಣ ಮಯ್ಯ ಅವರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವವನ್ನು ಕಂಡು ಬಂದರು. ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಿ ಮಾಡುವುದು, ಗಿರಾಕಿಗಳಿಗೆ ಅಡುಗೆಮನೆ ಕಾಣುವಂತೆ ಮಾಡುವುದು ಆಮೇಲೆ ಅಲ್ಲಿನ ಪದ್ಧತಿಯಾಯಿತು. ಅಡುಗೆಮನೆಯನ್ನು ತೋರಿಸಲು ಹೆದರದ ಹೋಟೆಲನ್ನು ಆರಿಸಿಕೊಳ್ಳಿ ಎಂಬುದು ಇಂದಿಗೂ ಒಳ್ಳೆಯ ಸೂತ್ರ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆ ಇಡ್ಲಿ ರೂಪುಗೊಂಡದ್ದೂ ಇಲ್ಲಿಯೇ. ಸಕ್ಕರೆ ಕಾಯಿಲೆಯವರು ರವೆ ಇಡ್ಲಿ ಎಂದರೆ ಅನ್ನವಲ್ಲ, ಎಷ್ಟಾದರೂ ತಿನ್ನಬಹುದು ಎಂದು ಭಾವಿಸಬಾರದು. ರವೆಯೂ ಪಿಷ್ಟವೇ, ಒಗ್ಗರಣೆಯ ಎಣ್ಣೆ ಅಥವಾ ತುಪ್ಪ ಬೇರೆ ಇರುತ್ತದೆ. ಒಂದು ಸಾಕು.

ಲಾಲ್‌ಬಾಗಿನಲ್ಲಿ ಒಂದು ಸುತ್ತು ಹಾಕಿ ತಿಂಡಿಗೆ ಹೋಗುವವರು ಬಹಳ. ಒಳ್ಳೆಯ ಅಭ್ಯಾಸವೇ. ಆದರೆ ಸುತ್ತು ಅರ್ಧ ಗಂಟೆಯದ್ದು, ತಿಂಡಿ ಎರಡು ತಟ್ಟೆಯದ್ದು ಆದರೆ ಜಮಾಖರ್ಚು ಸರಿಹೋಗುವುದಿಲ್ಲ.

ಮಲ್ಲೇಶ್ವರ

ಏಳನೇ ಅಡ್ಡರಸ್ತೆಯ ಸಿಟಿಆರ್‌ನ ಬೆಣ್ಣೆ ಮಸಾಲೆ ದೋಸೆಗೂ ಹದಿನೈದನೇ ಅಡ್ಡರಸ್ತೆಯ ವೀಣಾ ಸ್ಟೋರ್ಸ್‌ನ ಇಡ್ಲಿಗೂ ಊರೆಲ್ಲ ಬರುತ್ತದೆ. ಬೆಣ್ಣೆ ದೋಸೆಯನ್ನು ನಾನೂ ಬಿಟ್ಟಿಲ್ಲ. ಲೆಕ್ಕ ಮಾತ್ರ ತಿಳಿದಿರಲಿ: ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ ನೂರಕ್ಕೂ ಸ್ವಲ್ಪ ಹೆಚ್ಚು ಕ್ಯಾಲೊರಿ ಇದೆ. ಅದನ್ನು ಕರಗಿಸಲು ಸ್ಯಾಂಕಿ ಕೆರೆಯ ಏರಿಯ ಮೇಲೆ ಸುಮಾರು 20ರಿಂದ 25 ನಿಮಿಷ ಚುರುಕಾಗಿ ನಡೆಯಬೇಕು. ಹೃದಯ ತೊಂದರೆ, ಕೊಬ್ಬಿನಂಶದ ತೊಂದರೆ ಇರುವವರು ತಿಂಗಳಿಗೊಮ್ಮೆ, ಅದೂ ಇಬ್ಬರು ಹಂಚಿಕೊಂಡು ತಿನ್ನಲಿ. ಕಾಫಿಯಲ್ಲಿ ಬೈಟು ಹೇಳುವ ಊರು ನಮ್ಮದು. ದೋಸೆಯಲ್ಲೂ ಬೈಟು ಹೇಳಲು ನಾಚಿಕೆ ಏಕೆ?

ಕಾಫಿಯ ವಿಷಯ ಬಂತು. ಸಕ್ಕರೆ ಬೇರೆ ಕೊಡಿ ಎಂದು ಮೊದಲೇ ಹೇಳಿ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳು ಮಾತ್ರೆಯ ಹಿಂದೆಮುಂದೆ ಒಂದೆರಡು ಗಂಟೆ ಕಾಫಿ, ಟೀ ಕುಡಿಯಬಾರದು. ಕಬ್ಬಿಣ ಮೈಗೆ ಹತ್ತುವುದಿಲ್ಲ.

ವಿಶ್ವೇಶ್ವರಪುರದ ತಿಂಡಿ ಬೀದಿ

ಸಜ್ಜನ್‌ರಾವ್ ವೃತ್ತದ ಬಳಿಯ ತಿಂಡಿ ಬೀದಿಗೆ ಸಂಜೆ ಹೊತ್ತು ಮಕ್ಕಳೊಂದಿಗೆ ಹೋಗುವುದು ಒಂದು ಸಂಭ್ರಮ. ಚಳಿಗಾಲದಲ್ಲಿ ಅವರೆಕಾಳಿನ ತಿಂಡಿಗಳು ಸೇರಿದರೆ ಇನ್ನೂ ಸೊಗಸು. ಇಲ್ಲಿ ಪಡ್ಡು, ದೋಸೆ, ಅಕ್ಕಿ ರೊಟ್ಟಿ, ಕಾವಲಿಯ ಮೇಲೆ ಬಿಸಿ ಮಾಡಿದ ಹೋಳಿಗೆಗೆ ನನ್ನ ಆಕ್ಷೇಪಣೆಯಿಲ್ಲ. ಕರಿದ ತಿಂಡಿಗೆ ಮುನ್ನ ಬಾಣಲೆಯನ್ನೊಮ್ಮೆ ನೋಡಿ. ಎಣ್ಣೆ ಕಪ್ಪಾಗಿದ್ದರೆ, ಮಂದವಾಗಿ ನೊರೆ ಬರುತ್ತಿದ್ದರೆ, ಘಾಟು ಹೊಗೆ ಕಣ್ಣಿಗೆ ಹೊಡೆದರೆ ಮುಂದೆ ನಡೆಯಿರಿ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಪದಾರ್ಥಗಳು ರಕ್ತನಾಳಗಳಿಗೆ ಹಾನಿಕರ. ಅವುಗಳ ಪ್ರಮಾಣ ಶೇಕಡಾ 25 ಮೀರಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈನಿಂದ ದೇಶದಲ್ಲಿ ಜಾರಿಯಲ್ಲಿದೆ.

ಕಣ್ಣು ಕುಕ್ಕುವ ಕೆಂಪು ಬಣ್ಣದ ಗೋಬಿ ಮಂಚೂರಿಯನ್ನು ಮಕ್ಕಳು ಎಷ್ಟೇ ಹಟ ಮಾಡಿದರೂ ಕೊಡಿಸಬೇಡಿ. 2024ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನೂ, ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಎಂಬ ಬಣ್ಣ ಹಾಕುವುದನ್ನೂ ನಿಷೇಧಿಸಿತು. ಅದು ಬಟ್ಟೆಗೆ ಹಾಕುವ ಬಣ್ಣ. ಬಣ್ಣವಿಲ್ಲದ ಗೋಬಿಯೂ ರುಚಿಯಾಗಿಯೇ ಇರುತ್ತದೆ.

ಇನ್ನೊಂದು ಮಾತು. ಬೋಂಡ, ಬಜ್ಜಿಯನ್ನು ಪತ್ರಿಕೆಯ ಹಾಳೆಯಲ್ಲಿ ಕಟ್ಟಿಕೊಡುವುದು ನಮ್ಮಲ್ಲಿ ರೂಢಿ. ಮುದ್ರಣದ ಶಾಯಿ ಬಿಸಿ ಎಣ್ಣೆಗೆ ಕರಗಿ ತಿಂಡಿಗೆ ಅಂಟುತ್ತದೆ. ಈ ಅಂಕಣವನ್ನು ಓದಿ, ಬೇಕಾದರೆ ಕತ್ತರಿಸಿ ಇಟ್ಟುಕೊಳ್ಳಿ. ಬಜ್ಜಿ ಮಾತ್ರ ಸುತ್ತಬೇಡಿ.

ಚಿಕ್ಕಪೇಟೆ, ಮಾರುಕಟ್ಟೆ, ಮೆಜೆಸ್ಟಿಕ್

ಮದುವೆ ಜವಳಿಗೆಂದು ಚಿಕ್ಕಪೇಟೆಗೆ ಹೋದವರು ಮಧ್ಯಾಹ್ನದ ಬಿಸಿಲಿಗೆ ಬಾಯಾರಿ ಕತ್ತರಿಸಿಟ್ಟ ಕಲ್ಲಂಗಡಿ, ಮಂಜುಗಡ್ಡೆ ಹಾಕಿದ ಕಬ್ಬಿನ ಹಾಲು ಕುಡಿಯುವುದನ್ನು ನೋಡುತ್ತೇನೆ. ಹೀಗೆ ಕುಡಿದವರಲ್ಲಿ ಕೆಲವರು ಮೂರು ನಾಲ್ಕು ವಾರಗಳ ನಂತರ ಕಣ್ಣು ಹಳದಿಯಾಗಿ ನನ್ನ ಬಳಿ ಬಂದಿದ್ದಾರೆ. ಮಧ್ಯೆ ಅಷ್ಟು ದಿನ ಕಳೆದಿರುವುದರಿಂದ ಯಾವ ಲೋಟದಿಂದ ಬಂತೆಂದು ಅವರಿಗೆ ನೆನಪೇ ಇರುವುದಿಲ್ಲ. ಎಳನೀರು, ಬಾಳೆಹಣ್ಣು, ನೀವೇ ಸುಲಿದು ತಿನ್ನುವ ಕಿತ್ತಳೆ ಇವು ಪ್ರಕೃತಿಯೇ ಕಟ್ಟಿಕೊಟ್ಟ ಶುಚಿಯಾದ ಪೊಟ್ಟಣಗಳು. ಮನೆಯ ನೀರಿನ ಬಾಟಲಿ ಚೀಲದಲ್ಲಿರಲಿ.

ಬಸ್ಸು ಹಿಡಿಯುವ ಅವಸರದಲ್ಲಿ ಮೆಜೆಸ್ಟಿಕ್ ಸುತ್ತ ತಿನ್ನುವವರಿಗೆ ಒಂದು ಎಚ್ಚರಿಕೆ. ಬೆಳಿಗ್ಗೆ ಮಾಡಿಟ್ಟ ಚಿತ್ರಾನ್ನ, ಪಲಾವ್, ಫ್ರೈಡ್ ರೈಸ್ ಮಧ್ಯಾಹ್ನದ ಹೊತ್ತಿಗೆ ಅಪಾಯಕಾರಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿತಕ್ಕೂ ಸಾಯುವುದಿಲ್ಲ. ಅನ್ನ ಆರಿದ ಮೇಲೆ ಮೊಳೆತು ವಿಷ ಉತ್ಪತ್ತಿ ಮಾಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ದೂರದ ಪ್ರಯಾಣದವರಿಗೆ ಬಿಸಿ ಇಡ್ಲಿ, ಚಪಾತಿ ಉತ್ತಮ.

ಶಿವಾಜಿನಗರ, ಫ್ರೇಜರ್ ಟೌನ್

ರಂಜಾನ್ ತಿಂಗಳ ಸಂಜೆಗಳಲ್ಲಿ ಈ ಕಡೆಯ ರುಚಿಗಳನ್ನು ಹುಡುಕಿಕೊಂಡು ಎಲ್ಲ ಜಾತಿ ಧರ್ಮದವರೂ ಬರುತ್ತಾರೆ. ಗೋಧಿ, ಬೇಳೆ, ಮಾಂಸ ಸೇರಿಸಿ ಗಂಟೆಗಟ್ಟಲೆ ಬೇಯಿಸಿದ ಹಲೀಮು ಹಂಡೆಯಿಂದ ಹೊಗೆಯಾಡುತ್ತಾ ಬಂದರೆ ಸೋಂಕಿನ ಭಯ ಕಡಿಮೆ. ತುಪ್ಪ ಹೆಚ್ಚಿರುವುದರಿಂದ ಪ್ರಮಾಣ ಮಿತವಾಗಿರಲಿ. ಕಬಾಬನ್ನು ಮುರಿದು ನೋಡಿ. ಒಳಗೆ ಕೆಂಪಾಗಿದ್ದರೆ ವಾಪಸು ಕೊಟ್ಟು ಮತ್ತೆ ಸುಡಿಸಿ. ಜೊತೆಗೆ ಬರುವ ಹಸಿ ಈರುಳ್ಳಿ, ಸೌತೆಕಾಯಿ, ಹಸಿರು ಚಟ್ನಿ ಇವೇ ಹೆಚ್ಚು ಶಂಕಾಸ್ಪದ. ದಿನವಿಡೀ ಉಪವಾಸವಿದ್ದ ಸಕ್ಕರೆ ಕಾಯಿಲೆಯವರು ಔಷಧಿಯ ವೇಳೆಯನ್ನು ರಂಜಾನ್‌ಗೆ ಮುಂಚೆಯೇ ವೈದ್ಯರ ಬಳಿ ಹೊಂದಿಸಿಕೊಳ್ಳಬೇಕು.

ಮಿಲಿಟರಿ ಹೋಟೆಲುಗಳು

ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನಂಥ ಕಡೆ ದೊನ್ನೆ ಬಿರಿಯಾನಿಗೆ, ಮುದ್ದೆ ಸಾರಿಗೆ ಜನ ಕಾಯುತ್ತಾರೆ. ಮುದ್ದೆ ಬಿಸಿಬಿಸಿಯಾಗಿ ತಿನ್ನುವ ಉತ್ತಮ ಆಹಾರ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ನಾರು ಹೇರಳ. ಆದರೆ "ರಾಗಿ ಸಕ್ಕರೆ ಕಾಯಿಲೆಗೆ ಔಷಧಿ" ಎಂಬ ನಂಬಿಕೆ ಸರಿಯಲ್ಲ. ಎರಡು ದೊಡ್ಡ ಮುದ್ದೆ ನುಂಗಿದರೆ ಅನ್ನದಂತೆಯೇ ಸಕ್ಕರೆ ಏರುತ್ತದೆ. ಒಂದು ಸಣ್ಣ ಮುದ್ದೆ, ಸಾರು, ತುಂಡಿನಲ್ಲಿ ಕೊಬ್ಬು ಬಿಡಿಸಿ ತೆಗೆದ ಮಾಂಸ ಇಷ್ಟಿರಲಿ. ಯೂರಿಕ್ ಆಮ್ಲ ಹೆಚ್ಚಾಗಿ ಕಾಲಿನ ಹೆಬ್ಬೆರಳು ಊದುವವರು ಲಿವರ್, ಬೋಟಿ, ಭೇಜಗಳಿಂದ ದೂರವಿರಬೇಕು.

ಕೋರಮಂಗಲ, ಇಂದಿರಾನಗರ

ಇಲ್ಲಿ ಹವಾನಿಯಂತ್ರಿತ ಕೊಠಡಿ, ಮಂದ ಬೆಳಕು, ದೊಡ್ಡ ಬಿಲ್ಲು. ಶುಚಿಯಾಗಿರಲೇಬೇಕು ಎಂಬ ಭ್ರಮೆ ಬೇಡ. ಬಫೆಯಲ್ಲಿ ಸಾಲಾಗಿಟ್ಟ ಪಾತ್ರೆಗಳ ಕೆಳಗೆ ದೀಪ ಉರಿಯುತ್ತಿದೆಯೇ, ಸಾರು ಹೊಗೆಯಾಡುತ್ತಿದೆಯೇ ನೋಡಿ. ತಡರಾತ್ರಿ ಹೋದರೆ ಉಗುರುಬೆಚ್ಚಗಿನ ಗ್ರೇವಿ, ಹಸಿ ಮೊಟ್ಟೆಯಿಂದ ಮಾಡಿದ ಮೇಯನೇಸ್ ಎರಡನ್ನೂ ಬಿಡಿ. ಹೊಗೆ ಬರುವ ಪಾನ್, ಹೊಗೆ ಬಿಸ್ಕತ್ತು ಎಂದು ದ್ರವ ಸಾರಜನಕ ಹಾಕಿ ಕೊಡುವುದನ್ನು ಮಕ್ಕಳಿಗೆ ಖಂಡಿತ ಕೊಡಿಸಬೇಡಿ. ಅದು ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ತಂಪು. ಪೂರ್ತಿ ಆರದೆ ಹೊಟ್ಟೆ ಸೇರಿದರೆ ಜಠರವೇ ತೂತಾಗಬಹುದು. ಮನೆಗೆ ತರಿಸಿಕೊಂಡ ಊಟವನ್ನು ಎರಡು ಗಂಟೆಯೊಳಗೆ ತಿಂದು ಮುಗಿಸಿ, ಇಲ್ಲವೇ ತಂಗಳು ಪೆಟ್ಟಿಗೆಗೆ ಸೇರಿಸಿ.

ಹೋಟೆಲು ದೊಡ್ಡದಿರಲಿ, ಸಣ್ಣ ದರ್ಶಿನಿಯಿರಲಿ, ಗೋಡೆಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ಕಾಣುವಂತಿರಬೇಕು. ಇಲ್ಲದಿದ್ದರೆ ಕೇಳುವ ಹಕ್ಕು ನಿಮ್ಮದು.

ಸಕ್ಕರೆ ಕಾಯಿಲೆಯವರಿಗೆ

ಮೇಷ್ಟ್ರ ಪ್ರಸಂಗದಿಂದ ಕಲಿಯಬೇಕಾದದ್ದು ಇದು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಗುಂಪಿನ ಮಾತ್ರೆ ಅಥವಾ ಊಟದ ಮುಂಚಿನ ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಮನೆಯಲ್ಲಿ ಮುಗಿಸಿ ಹೊರಡಬಾರದು. ಜೊತೆಗೆ ಒಯ್ದು, ಕುಳಿತು, ತಿಂಡಿ ಬರುವುದು ಖಚಿತವಾದ ಮೇಲೆ ತೆಗೆದುಕೊಳ್ಳಿ. ನಿಮ್ಮ ಔಷಧಿ ಯಾವ ಗುಂಪಿನದೆಂದು ವೈದ್ಯರನ್ನು ಕೇಳಿಟ್ಟುಕೊಳ್ಳಿ. ಬೆವರು, ನಡುಕ, ವಿಪರೀತ ಹಸಿವು, ತಡವರಿಸುವ ಮಾತು ಕಂಡರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಬೇಕು, 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ. ಆಮೇಲೆ ಏನನ್ನಾದರೂ ತಿನ್ನಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ರಕ್ತದೊತ್ತಡದವರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಉಪ್ಪು ಮಿತಿ. ಹೋಟೆಲಿನ ಸಾಂಬಾರನ್ನು ಎರಡು ಮೂರು ಬಟ್ಟಲು ಕುಡಿಯುವುದು, ಉಪ್ಪಿನಕಾಯಿ, ಹಪ್ಪಳ ಇವು ಆ ಮಿತಿಯನ್ನು ಒಂದೇ ಹೊತ್ತಿಗೆ ಮುಗಿಸುತ್ತವೆ. ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಇ ಬಗೆಯ ಕಾಮಾಲೆ ಪ್ರಾಣಕ್ಕೇ ಕುತ್ತಾಗಬಲ್ಲದು. ಅವರು ಹೊರಗಿನ ನೀರು, ಪಾನಿಪುರಿ ಮುಟ್ಟದಿರಲಿ. ಮಕ್ಕಳಿಗೆ ವಿಷಮಶೀತ ಜ್ವರ ಮತ್ತು ಎ ಬಗೆಯ ಕಾಮಾಲೆಗೆ ಲಸಿಕೆಗಳಿವೆ, ನಿಮ್ಮ ವೈದ್ಯರೊಡನೆ ಮಾತನಾಡಿ.

ಹೊಟ್ಟೆ ಕೆಟ್ಟರೆ

ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾದರೆ ಅದು ಸಾಮಾನ್ಯವಾಗಿ ಆಹಾರದಲ್ಲಿ ಮೊದಲೇ ಬೆಳೆದಿದ್ದ ವಿಷದಿಂದ. ಹೆಚ್ಚಾಗಿ ಒಂದು ದಿನದಲ್ಲಿ ತಾನೇ ಇಳಿಯುತ್ತದೆ. ಭೇದಿಗೆ ಮೊದಲ ಮದ್ದು ಓಆರ್‌ಎಸ್. ಅದು ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಎದೆಹಾಲು ನಿಲ್ಲಿಸಬಾರದು. ಭೇದಿ ಕಟ್ಟುವ ಮಾತ್ರೆಯನ್ನು ಮಕ್ಕಳಿಗೆ ಕೊಡಬಾರದು. ಅಂಗಡಿಯಿಂದ ತಂದ ಆಂಟಿಬಯೋಟಿಕ್ ಬೇಡ. ಸಕ್ಕರೆ ಕಾಯಿಲೆಯವರಿಗೆ ವಾಂತಿ ಭೇದಿಯಾದಾಗ ಕೆಲವು ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ, ವೈದ್ಯರಿಗೆ ಕೂಡಲೇ ತಿಳಿಸಿ.

ಮಲದಲ್ಲಿ ರಕ್ತ, ಹೆಚ್ಚು ಜ್ವರ, ಅಕ್ಕಿ ತೊಳೆದ ನೀರಿನಂಥ ಭೇದಿ, ನಿಲ್ಲದ ವಾಂತಿ, ಆರು ಗಂಟೆಯಾದರೂ ಮೂತ್ರ ಹೋಗದಿರುವುದು, ಮಗು ಮಂಕಾಗಿ ಕಣ್ಣು ಗುಳಿ ಬೀಳುವುದು: ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಒಂದೆರಡು ವಾರದ ನಂತರ ಬಿಡದೆ ಜ್ವರ ಬಂದರೂ ಹೊರಗೆ ತಿಂದದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದರು. ಊಟ ಬಿಟ್ಟವನಿಗೆ ಎಂದು ಹೇಳಲಿಲ್ಲ. ಮನೆಯ ಹಿರಿಯರು ಹೋಟೆಲಿಗೆ ಹೊರಟರೆ ತಡೆಯುವ ಮುನ್ನ ಯಾರ ಜೊತೆ ಹೋಗುತ್ತಾರೆ, ಮಾತ್ರೆ ಜೇಬಿನಲ್ಲಿದೆಯೇ ಎಂದು ಕೇಳಿ. ನಮ್ಮ ಮೇಷ್ಟ್ರು ಈಗ ಭಾನುವಾರದ ಬದಲು ಮಂಗಳವಾರ ಹೋಗುತ್ತಾರೆ, ಗದ್ದಲ ಕಡಿಮೆ. ಮನೆಯಿಂದ ನಡೆದೇ ಹೋಗುತ್ತಾರೆ, ಗೆಳೆಯನೊಡನೆ ಒಂದು ದೋಸೆ ಹಂಚಿಕೊಳ್ಳುತ್ತಾರೆ. ಹೊರಡುವಾಗ ಅವರ ಜೇಬಿಗೆ ಮಾತ್ರೆಯನ್ನೂ ಒಂದು ಸಕ್ಕರೆ ಪೊಟ್ಟಣವನ್ನೂ ಹಾಕುವವರು ಅದೇ ಸೊಸೆ.